ಪುಟ ಮೂವತ್ನಾಲ್ಕು

ಮೂವತ್ನಾಲ್ಕು ಎಂದೇ ಯಾಕೆ ಬರೆದೆ, ಮೂವತ್ತು ಎಂದೋ ನಲವತ್ತು ಎಂದೋ ಬರೆಯಬಹುದಿತ್ತಲ್ಲ? ಮೂವತ್ತು ಎಂದಿದ್ದರೆ ಅಂದಾಜಿಗೆ ಹಾಕಿದ ಹಾಗಿರುತ್ತಿತ್ತು, ನೋಡಿದವರಿಗೆ ಅನುಮಾನ ಬರುತ್ತಿತ್ತು. ಮೂವತ್ನಾಲ್ಕು ಎಂದರೆ ಯಾರೋ ಪುಸ್ತಕ ಬಿಡಿಸಿ, ಸಾಲಿನ ಮೇಲೆ ಬೆರಳಿಟ್ಟು, ಕೆಳಗಿನ ಅಂಕಿ ನೋಡಿ ಬರೆದ ಹಾಗೆ. ಅಷ್ಟೆಲ್ಲ ಯೋಚಿಸಿ ಬರೆದಿದ್ದೆನೇ, ಅಥವಾ ಅಂದಿನ ಉಡಾಫೆಗೆ ಇಷ್ಟೊಂದು ಬುದ್ಧಿಯನ್ನು ಒಂಬತ್ತು ವರ್ಷದ ಮೇಲೆ ಈಗ ನಾನೇ ಕಟ್ಟುತ್ತಿದ್ದೇನೆಯೇ ಎಂದು ಸೋಮೇಶ್‌ಗೆ ಬಗೆಹರಿಯಲಿಲ್ಲ. ಉಡಾಫೆ ಎಂದುಕೊಂಡರೆ ಎದೆ ಸ್ವಲ್ಪ ಹಗುರಾಗುತ್ತಿತ್ತು. ಆದರೆ ಉಡಾಫೆಯವನು ಇಸವಿಯನ್ನೂ ಹಾಕುತ್ತಾನೆಯೇ? ‘ಕರಿದಿನ್ನಿ ಈಶ್ವರ ಗುಡಿ ಜೀರ್ಣೋದ್ಧಾರ ಸ್ಮರಣ ಸಂಚಿಕೆ, ೧೯೮೬, ಪುಟ ೩೪.’ ಗುಡಿ ಇದ್ದದ್ದು ನಿಜ. ಜೀರ್ಣೋದ್ಧಾರ ಆದದ್ದೂ ನಿಜವೇ ಇರಬಹುದು, ಯಾವ ಗುಡಿಗೆ ಆಗಿಲ್ಲ. ಸಂಚಿಕೆ ಮಾತ್ರ ಇರಲಿಲ್ಲ. ಇಲ್ಲದ ಆ ಸಂಚಿಕೆಯನ್ನು ಹುಡುಕಿಕೊಂಡು ಒಬ್ಬ ಹೆಣ್ಣುಮಗಳು ಈಗ ಬಸ್ಸು ಬದಲಿಸಿ ಬದಲಿಸಿ ಊರೂರು ತಿರುಗುತ್ತಿದ್ದಳು.

ಅವಳ ಸಂದೇಶ ಫೋನಿನಲ್ಲಿ ಹಾಗೇ ತೆರೆದಿತ್ತು. “ಸರ, ಪತ್ತಿಕೊಂಡದ ಲೈಬ್ರರಿಯೊಳಗೂ ಇಲ್ಲಂತ್ರಿ. ಅಲ್ಲಿರೋದೆಲ್ಲ ತೆಲುಗು ಪುಸ್ತಕ. ಆದ್ರೂ ಒಬ್ಬ ಹಿರಿಯರು ಮನಿಯಾಗ ನೋಡಿ ಹೇಳ್ತೀನಿ ಅಂದಾರ. ಬಿಡಲ್ಲ ಸರ ನಾನು.” ಕೊನೆಗೆ ಕೈಮುಗಿದ ಚಿತ್ರ. ಸೋಮೇಶ್ ಕೂತಿದ್ದದ್ದು ಆದವಾನಿಯಲ್ಲಿ, ಅಪ್ಪನ ಅರಳೆ ಮಂಡಿಯಲ್ಲಿ. ಮಧ್ಯಾಹ್ನದ ಬಿಸಿಲಿಗೆ ಬಾಗಿಲ ಹೊರಗೆ ಹತ್ತಿಯ ರಾಶಿಗಳು ಕಣ್ಣು ಕುಕ್ಕುವಷ್ಟು ಬೆಳ್ಳಗಿದ್ದವು. ಗಾಳಿಗೆ ತೇಲಿ ಬಂದ ಒಂದು ಎಳೆ ಫೋನಿನ ಗಾಜಿನ ಮೇಲೆ, ಸರಿಯಾಗಿ ಆ ಕೈಮುಗಿದ ಚಿತ್ರದ ಮೇಲೆ ಕೂತಿತು. ಅವನು ಊದಿದ. ಅದು ಹೋಗಲಿಲ್ಲ. ಬೆರಳಿನಿಂದ ಒರೆಸಲು ಹೋದರೆ ಉತ್ತರ ಬರೆಯುವ ಜಾಗ ತೆರೆದುಕೊಂಡಿತು. ಏನಾದರೂ ಬರೆಯಲೇಬೇಕು ಎಂಬಂತೆ ಗೆರೆಯೊಂದು ಅಲ್ಲಿ ಮಿಣುಕತೊಡಗಿತು. ‘ಸರಿ, ನೋಡಿ’ ಎಂದು ಬರೆದು ಕಳಿಸಿದ. ಕಳಿಸಿದ ಮೇಲೆ ಆ ಎರಡು ಮಾತು ಅವನಿಗೇ ಹೇಸಿಗೆ ಎನಿಸಿತು. ನೋಡಿ ಎಂದರೆ ಏನನ್ನು ನೋಡುವುದು?

ಬಳ್ಳಾರಿಯಲ್ಲಿ ಕನ್ನಡ ಎಂ.ಎ. ಮುಗಿಸಿ ಬಂದು, ಯಾವ ಕಾಲೇಜೂ ಕರೆಯದೆ, ಇದೇ ಕುರ್ಚಿಯಲ್ಲಿ ಕೂತು ಹತ್ತಿಯ ಲಾಟುಗಳ ಚೀಟಿ ಬರೆಯಲು ಶುರು ಮಾಡಿದ ವರ್ಷ ಅದನ್ನು ಬರೆದದ್ದು. ಅಂತರ್ಜಾಲದ ಕನ್ನಡ ವಿಶ್ವಕೋಶಕ್ಕೆ ಗಡಿನಾಡಿನ ಊರುಗಳ ಬಗ್ಗೆ ಲೇಖನ ಬರೆಯುವ ಸ್ಪರ್ಧೆ ಇಟ್ಟಿದ್ದರು, ಒಂದು ತಿಂಗಳಲ್ಲಿ ಇಪ್ಪತ್ತೈದು ಲೇಖನ. ತೆಲುಗು ನಾಡಿನೊಳಗಿರುವ ಹಾಲಹರವಿ, ಹೊಳಗುಂದ ಮಂಡಲಗಳ, ಅಂದರೆ ತಾಲ್ಲೂಕುಗಳ, ಹಳ್ಳಿಗಳ ಹೆಸರನ್ನು ಪಟ್ಟಿ ಮಾಡಿಕೊಂಡು, ಜನಸಂಖ್ಯೆ, ಬೆಳೆ, ಗುಡಿ, ಬಾವಿ ಎಂದು ಒಂದೇ ಅಚ್ಚಿನಲ್ಲಿ ಇಪ್ಪತ್ತನಾಲ್ಕನ್ನು ಬರೆದಿದ್ದ. ಇಪ್ಪತ್ತೈದನೆಯದು ಕರಿದಿನ್ನಿ. ಅದಕ್ಕೆ ಮುನ್ನೂರು ಪದ ತುಂಬಲಿಲ್ಲ. ಜೋಳ, ಶೇಂಗಾ, ಹತ್ತಿ ಎಂದಾಯಿತು, ಈಶ್ವರನ ಗುಡಿ ಎಂದಾಯಿತು, ಊರಮುಂದೆ ಊಟಬಾವಿ ಎಂಬ ಬಾವಿಯಿದೆ ಎಂದಾಯಿತು. ಇನ್ನೂ ಹದಿನೈದು ಪದ ಬೇಕಿತ್ತು. ಆಗ ಬರೆದದ್ದು: ‘ಬರಗಾಲದಲ್ಲಿ ಆದವಾನಿಯ ಅರಳೆ ವರ್ತಕರೊಬ್ಬರು ಈ ಬಾವಿಯ ಕಟ್ಟೆಯ ಮೇಲೆ ದಾರಿಹೋಕರಿಗೆ ದಿನವೂ ಊಟ ಹಾಕಿಸುತ್ತಿದ್ದುದರಿಂದ ಇದಕ್ಕೆ ಊಟದ ಬಾವಿ ಎಂಬ ಹೆಸರು ಬಂದಿತು.’ ಬರೆದು, ಕೆಳಗೆ ಆ ಸಂಚಿಕೆಯ ಉಲ್ಲೇಖ ಹಾಕಿ ಓದಿಕೊಂಡಾಗ, ನಿಜ ಹೇಳಬೇಕೆಂದರೆ, ಅವನ ಕಣ್ಣು ತುಸು ತೇವಗೊಂಡಿತ್ತು. ಇಪ್ಪತ್ತೈದು ಲೇಖನಗಳಲ್ಲಿ ಜೀವವಿದ್ದದ್ದು ಅದೊಂದೇ ಸಾಲಿಗೆ. ತೆಲುಗಿನಲ್ಲಿ ಊಟ ಎಂದರೆ ಒರತೆ, ನೆಲದೊಳಗಿಂದ ಜಿನುಗುವ ನೀರು ಎಂಬುದು ನನಗೆ ಆಗ ಹೊಳೆಯಲಿಲ್ಲ ಎಂದು ಅವನು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದ. ಆದವಾನಿಯಲ್ಲಿ ಹುಟ್ಟಿ, ಹತ್ತರವರೆಗೆ ತೆಲುಗು ಹುಡುಗರ ನಡುವೆ ಕೂತು ಬೆಳೆದವನು ಹಾಗೆ ಹೇಳಿದರೆ ಯಾರು ನಂಬಬೇಕು? ಹೊಳೆದಿತ್ತು. ಹೊಳೆದ ಮೇಲೂ ನೀರಿಗಿಂತ ಅನ್ನ ಚೆನ್ನಾಗಿ ಕಂಡಿತ್ತು.

ಸ್ಪರ್ಧೆಯ ಪ್ರಮಾಣಪತ್ರ ಮಂಡಿಯ ಗೋಡೆಯ ಮೇಲೆ, ಬಸವಣ್ಣನ ಪಟದ ಕೆಳಗೆ ಇತ್ತು. ಕಟ್ಟು ಹಾಕಿಸಿದ್ದು ಅಪ್ಪ. ಅಪ್ಪ ಏಕಾಂತಪ್ಪ ಮಗನ ಇಪ್ಪತ್ತೈದು ಲೇಖನಗಳಲ್ಲಿ ಓದಿದ್ದು ಕರಿದಿನ್ನಿಯದೊಂದೇ. ಓದಿ ಕನ್ನಡಕ ತೆಗೆದು, “ಅರಳೆ ವರ್ತಕರೊಬ್ಬರು ಅಂತ ಯಾಕ ಬರದಿಯೋ? ಹೆಸರು ಹಾಕಬೇಕಿಲ್ಲ? ನಮ್ಮ ಮುತ್ತಾತ ಮರಿಬಸಪ್ಪನೇ ಇರಬೇಕದು. ಆ ಕಡಿ ಹಳ್ಳಿಯೋರೆಲ್ಲ ನಮಗೇ ಹತ್ತಿ ತರ್ತಿದ್ರು” ಎಂದಿದ್ದ. ಆಗ ಇಲ್ಲ ಎನ್ನಬಹುದಿತ್ತು. ನಕ್ಕುಬಿಟ್ಟಿದ್ದರೂ ಆಗುತ್ತಿತ್ತು. ಸೋಮೇಶ್ ಚೀಟಿ ಬರೆಯುತ್ತ ಸುಮ್ಮನೆ ಕೂತಿದ್ದ. ಮುಂದೆ ಯಾರದೋ ಮನೆಯ ನಿಶ್ಚಯದಲ್ಲಿ, ಮಠದ ಸಭೆಯಲ್ಲಿ, ಅಪ್ಪ ಮರಿಬಸಪ್ಪನ ಊಟದ ಬಾವಿಯ ಮಾತು ತೆಗೆದಾಗಲೆಲ್ಲ ಮಗನ ಕಡೆ ನೋಡುತ್ತಿದ್ದ, ಸಾಕ್ಷಿಗೆ. ಮಗ ಗೋಣು ಹಾಕುತ್ತಿರಲಿಲ್ಲ. ಅಲ್ಲ ಎಂದೂ ಅನ್ನುತ್ತಿರಲಿಲ್ಲ. ಮೌನ ಒಂದು ನಡುದಾರಿ ಎಂದು ಆಗ ಅವನು ತಿಳಿದಿದ್ದ.

ಸಂಚಿಕೆ ಹುಡುಕುತ್ತಿದ್ದ ಆ ಭವಾನಿ ಪರಿಚಯವಾದದ್ದು ಎರಡು ತಿಂಗಳ ಹಿಂದೆ. ವಿಶ್ವಕೋಶದ ಅವನ ಸದಸ್ಯ ಪುಟದಲ್ಲಿ ಆದವಾನಿ ಎಂದಿರುವುದನ್ನು ನೋಡಿ ಬರೆದಿದ್ದಳು. “ನಮಸ್ತೆ ಸರ. ನಾನು ಹೊಳಗುಂದ ಮಂಡಲ ಕರಿದಿನ್ನಿಯವಳು. ಹೊಸದಾಗಿ ಸೇರಿದ್ದೇನೆ. ನಮ್ಮೂರ ಪುಟದಾಗ ಒಂದು ತಪ್ಪು ಐತಿ. ಹೆಂಗ ತಿದ್ದಬೇಕು ಹೇಳಿಕೊಡ್ತೀರಾ?” ಯಾವ ತಪ್ಪು ಎಂದು ಅವನಿಗೆ ಓದಿದೊಡನೆ ತಿಳಿಯಿತು. ಆದರೂ ಉತ್ತರಿಸಿದ, ಬಹಳ ಮರ್ಯಾದೆಯಿಂದ, ಗ್ರಂಥದ ಕನ್ನಡದಲ್ಲಿ. ಹೊಸಬರಿಗೆ ನೆರವಾಗುವ ಹಿರಿಯ ಸಂಪಾದಕರ ಪಟ್ಟಿಯಲ್ಲಿ ಅವನ ಹೆಸರಿತ್ತು. ಒಂಬತ್ತು ವರ್ಷದಲ್ಲಿ ಅವನು ಸಾವಿರಾರು ಪುಟಗಳ ಕಾಗುಣಿತ ತಿದ್ದಿದ್ದ, ಉಲ್ಲೇಖವಿಲ್ಲದ ನೂರಾರು ಸಾಲುಗಳನ್ನು ಕಿತ್ತುಹಾಕಿದ್ದ. ಮೊದಲಿನ ಒಂದು ಸಾಲಿಗೆ ಪ್ರಾಯಶ್ಚಿತ್ತವೆಂಬಂತೆ ಎಲ್ಲರ ಸಾಲುಗಳನ್ನೂ ಅಳೆದಿದ್ದ. ಆ ಒಂದನ್ನು ಮಾತ್ರ ಮುಟ್ಟಿರಲಿಲ್ಲ.

ಅವಳಿಗೆ ಕಲಿಸುವುದು ಸುಖದ ಕೆಲಸವಾಗಿತ್ತು. ಅದೇ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಮೊದಲು ಅವಳು ಊರಿಗೆ ಸರಕಾರದ ವಾಲಂಟೀರ್ ಆಗಿದ್ದಳಂತೆ, ಒಂದನೇ ತಾರೀಖು ಬೆಳಗಿನಲ್ಲೇ ಮುದುಕರ ಮನೆಬಾಗಿಲಿಗೆ ಪಿಂಚಣಿ ಮುಟ್ಟಿಸುತ್ತಿದ್ದವಳು. ಆ ಕೆಲಸ ನಿಂತಿತ್ತು. ಕೈಯಲ್ಲಿ ಫೋನು ಉಳಿದಿತ್ತು, ಮನೆಮನೆ ತಿರುಗಿದ ಅಭ್ಯಾಸ ಉಳಿದಿತ್ತು. ಶಾಲೆಯ ಓದು ತೆಲುಗಿನದು, ಕನ್ನಡ ಮನೆಯಲ್ಲಿ ಅಜ್ಜಿಯ ಬಾಯಿಂದ ಬಂದದ್ದು. ಫೋನಿನಲ್ಲಿ ಎರಡೂ ಭಾಷೆಯ ಕೀಲಿಗಳಿದ್ದುದರಿಂದ ಅವಳ ಕನ್ನಡದ ನಡುನಡುವೆ ಒಂದೊಂದು ತೆಲುಗು ಅಕ್ಷರ ನುಸುಳುತ್ತಿತ್ತು, ತಲೆಕಟ್ಟು ಮಾತ್ರ ಬೇರೆಯಾಗಿ. ಅವನು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಅವುಗಳನ್ನು ಆರಿಸಿ ತೆಗೆಯುತ್ತಿದ್ದ. “ಸರ, ನಿಮ್ಮ ಕಣ್ಣಿಗೆ ಅದೆಂಗ ಕಾಣ್ತಾವ್ರಿ? ನನಗೆ ಎರಡೂ ಅಕ್ಕತಂಗ್ಯಾರಂಗ ಕಾಣ್ತಾವ” ಎಂದು ಫೋನು ಮಾಡಿ ನಕ್ಕಿದ್ದಳು. ಬರೆದು ನೋಡಲೆಂದೇ ಇರುವ ಪ್ರಯೋಗಪುಟದಲ್ಲಿ ಬರೆಯುವುದು, ಚಿತ್ರ ಸೇರಿಸುವುದು, ಚರ್ಚೆಯ ಪುಟದಲ್ಲಿ ಸಹಿ ಹಾಕುವುದು ಎಲ್ಲ ಕಲಿಸಿದ. ಎಲ್ಲಕ್ಕಿಂತ ಮೊದಲು ಉಲ್ಲೇಖದ ಪಾಠ. “ನೀವು ಕೈಯಲ್ಲಿ ಹಿಡಿದು, ಕಣ್ಣಿಂದ ಓದದ ಪುಸ್ತಕದ ಹೆಸರನ್ನು ಎಂದೂ ಹಾಕಬಾರದು, ಭವಾನಿಯವರೇ.” ಹೀಗೆ ಬರೆಯುವಾಗ ಅವನ ಬೆರಳು ಎಲ್ಲೂ ತಡೆದಿರಲಿಲ್ಲ. ಯಾಕೆ ತಡೆಯಲಿಲ್ಲ ಎಂಬುದೇ ಆಮೇಲೆ ಅವನನ್ನು ಕಾಡಿದ್ದು. ಒಂದು ಪಾಠವನ್ನು ಮಾತ್ರ ಬಿಟ್ಟಿದ್ದ. ಪ್ರತಿ ಪುಟಕ್ಕೂ ‘ಇತಿಹಾಸ’ ಎಂಬ ಗುಂಡಿಯಿರುತ್ತದೆ. ಅದನ್ನು ಒತ್ತಿದರೆ ಯಾವ ಸಾಲನ್ನು ಯಾರು, ಯಾವ ದಿನ ಸೇರಿಸಿದರು ಎಂಬುದು ಹೆಸರು ಸಮೇತ ಕಾಣುತ್ತದೆ. ಒಮ್ಮೆ ಅವಳೇ, “ಅದೇನ್ರಿ ಸರ?” ಎಂದಿದ್ದಳು. “ಅದು ಈಗ ನಿಮಗ ಬೇಕಾಗಲ್ಲ, ಮುಂದ ನೋಡೋಣ” ಎಂದಿದ್ದ.

ಅವಳು ತಾನಾಗಿ ಮಾಡಿದ ಮೊದಲ ತಿದ್ದುಪಡಿ ಊಟಬಾವಿಯದು. ಅವನ ಸಾಲಿನ ಕೆಳಗೆ ಇನ್ನೊಂದು ಸಾಲು: ‘ತೆಲುಗಿನಲ್ಲಿ ಊಟ ಎಂದರೆ ಒರತೆ. ಒರತೆ ಇರುವ ಜಾಗವನ್ನು ಮೊದಲು ಕಂಡವರು ಇದೇ ಊರಿನ ಪಕೀರಮ್ಮ. ಆಗ ಅವರಿನ್ನೂ ಮೇಕೆ ಕಾಯುವ ಹುಡುಗಿ.’ ಪಕೀರಮ್ಮ ಅವಳ ಅಜ್ಜಿ. ಸೋಮೇಶ್ ಅದನ್ನು ಹತ್ತು ನಿಮಿಷದೊಳಗೆ ತೆಗೆದುಹಾಕಿದ. ಕಾರಣ ಬರೆಯುವ ಜಾಗದಲ್ಲಿ ‘ಉಲ್ಲೇಖವಿಲ್ಲ’ ಎಂದು ಹಾಕಿದ. ಅದು ನಿಯಮವೇ. ಬೇರೆ ಯಾರಿದ್ದರೂ ತೆಗೆಯುತ್ತಿದ್ದರು. ಸಂಜೆ ಅವಳು ಕೇಳಿದ್ದಳು, “ಸರ, ನಾನು ತಪ್ಪು ಮಾಡಿದ್ನಾ? ಅಜ್ಜಿ ಇನ್ನೂ ಜೀವಂತ ಅದಾಳ್ರಿ, ಬಂದು ಕೇಳಬಹುದು.” ಜೀವಂತ ಇರುವವರ ಬಾಯಿಮಾತನ್ನು ಒಪ್ಪುವುದಿಲ್ಲ, ಅಚ್ಚಾಗಿರಬೇಕು ಎಂದ. ಅವಳು, “ಹಂಗಾದ್ರ ಆ ಮ್ಯಾಲಿನ ಸಾಲಿನ ಪುಸ್ತಕ ಹುಡುಕ್ತೀನಿ ಸರ. ಅದರಾಗ ಬಾವಿ ತೋಡಿದ್ದೂ ಬರದಿರಬೇಕು. ಅದೇ ಪುಸ್ತಕಾನೇ ನಂಗೂ ಉಲ್ಲೇಖ ಆಗ್ತೈತಿ” ಎಂದಳು. ಎಷ್ಟು ಸರಿಯಾದ ಯೋಚನೆ! ಒಳ್ಳೆಯ ವಿದ್ಯಾರ್ಥಿ ಮಾಡಬೇಕಾದ್ದೇ ಅದು. ಆಗಲೇ ಹೇಳಿಬಿಡಬೇಕಿತ್ತು.

ಮೊದಲು ಗುಡಿಯ ಪೂಜಾರಿಯನ್ನು ಕೇಳಿದಳು. ಆಮೇಲೆ ಹೊಳಗುಂದದಲ್ಲಿ ನಿವೃತ್ತ ಮಾಸ್ತರರ ಟ್ರಂಕು ತೆಗೆಸಿದಳು. ಹಾಲಹರವಿಯಲ್ಲಿ ಯಾರದೋ ಅಟ್ಟ ಹತ್ತಿದಳು. ಪ್ರತಿಸಲ ವರದಿ ಒಪ್ಪಿಸುತ್ತಿದ್ದಳು. ಪ್ರತಿಸಲ ಅವನು ‘ಸರಿ, ನೋಡಿ’ ಎನ್ನುತ್ತಿದ್ದ.

“ಏನೋ, ಆಗಿಂದ ಫೋನ್ ಹಿಡಕೊಂಡು ಕುಂತಿ. ಆ ವಾಲಂಟೀರಮ್ಮನೇನು?” ಗಲ್ಲಾಪೆಟ್ಟಿಗೆಯ ಹತ್ತಿರ ಒರಗಿದ್ದ ಅಪ್ಪ ಕೇಳಿದ.

“ಹೂಂ.”

“ಪುಸ್ತಕ ಸಿಕ್ತಂತಾ?”

“ಇಲ್ಲಂತ.”

“ಸಿಗ್ತೈತಿ ಬಿಡು, ಎಲ್ಲಿ ಹೋಗ್ತೈತಿ. ಸಿಕ್ಕರೆ ಒಂದು ಝೆರಾಕ್ಸ್ ನಂಗ ಬೇಕು ಅಂತ ಹೇಳು. ಮರಿಬಸಪ್ಪನ ಹೆಸರು ಐತೋ ಇಲ್ಲೋ ನೋಡಾಣ. ಇಲ್ಲಂದ್ರ ಆ ಬರದೋನಿಗೆ ಬುದ್ಧಿ ಇಲ್ಲ ಅಂತ ತಿಳಕೋ.”

“ಬುದ್ಧಿ ಇಲ್ಲ” ಎಂದ ಸೋಮೇಶ್. ಅಪ್ಪ ಅದನ್ನು ಒಪ್ಪಿಗೆಯೆಂದು ತಿಳಿದು ಕಣ್ಣು ಮುಚ್ಚಿದ.

ಹೋದ ವಾರ ಕರಿದಿನ್ನಿಗೆ ಹೋಗಬಾರದಿತ್ತು. ಲೇಖನಕ್ಕೆ ಬಾವಿಯ ಒಳ್ಳೆಯ ಚಿತ್ರ ಬೇಕು, ನೀವೇ ಬಂದು ತೆಗೆದುಕೊಡಿ ಎಂದು ಅವಳು ಮೂರು ಸಲ ಕರೆದಿದ್ದಳು. ಬಸ್ಸಿಳಿದಾಗ ರಸ್ತೆಗೇ ಬಂದು ನಿಂತಿದ್ದಳು. ಅವನು ಅಂದುಕೊಂಡಿದ್ದಕ್ಕಿಂತ ಕುಳ್ಳಗಿದ್ದಳು, ಸೀರೆಯ ಸೆರಗಿನಲ್ಲಿ ಫೋನು ಕಟ್ಟಿಕೊಂಡಿದ್ದಳು. ಕಟ್ಟೆಯ ಮೇಲೆ ಕೂತಿದ್ದ ಅಂಜಿ ಎಂಬ ಮುದುಕ ಅವರಿಬ್ಬರನ್ನೂ ನೋಡಿ, “ಏನವ್ವ ಭವಾನಿ, ಮತ್ತ ವಾಲಂಟೀರ್ ಆಗೀಯಂತ? ಆಫೀಸರ್‌ನ ಕರಕೊಂಡ್ ಬಂದಿ. ಪಿಂಚಣಿ ಮತ್ತ ಮನಿಗೇ ಬರ್ತೈತಾ?” ಎಂದ.

“ಇದು ಬ್ಯಾರೆ ವಾಲಂಟೀರ್ ತಾತ. ಪಿಂಚಣಿ ಬರಲ್ಲ, ಊರ ಹೆಸರು ಬರ್ತೈತಿ.”

“ಹೆಸರು ನೀನೇ ಇಟ್ಕೊ. ಪಿಂಚಣಿ ಬಂದ್ರ ಕರಿ.”

ಎಲ್ಲರೂ ನಕ್ಕರು, ಸೋಮೇಶ್ ಕೂಡ ನಕ್ಕ. ನಗು ಮುಗಿಯುವಷ್ಟರಲ್ಲಿ ಬಾವಿಯ ಮುಂದೆ ಪಂಚಾಯಿತಿ ಹಾಕಿಸಿದ್ದ ಫಲಕ ಕಂಡಿತು. ನೀಲಿ ಬಣ್ಣದ ಮೇಲೆ ಬಿಳಿಯ ಅಕ್ಷರ. ಕನ್ನಡದಲ್ಲಿ ‘ಊಟದ ಬಾವಿ’ ಎಂದಿತ್ತು, ಕೆಳಗೆ ವಿಶ್ವಕೋಶದಿಂದ ಎತ್ತಿದ ಅವನ ಸಾಲು ಪೂರ್ತಿಯಾಗಿ, ಅವನು ಅಂದು ಹಾಕಿದ್ದ ಪೂರ್ಣವಿರಾಮ ಸಮೇತ. ಅದರ ಕೆಳಗೆ ತೆಲುಗಿನಲ್ಲಿ ‘ಭೋಜನಾಲ ಬಾವಿ’. ಯಾರೋ ಫಲಕ ಬರೆಯುವವನು ಅವನ ಕನ್ನಡವನ್ನು ನಿಷ್ಠೆಯಿಂದ ತೆಲುಗಿಗೆ ತಂದಿದ್ದ. ತೆಲುಗಿನವರ ಊಟ ತೆಲುಗಿನಲ್ಲೇ ಬತ್ತಿಹೋಗಿ ಭೋಜನವಾಗಿತ್ತು. ಸೋಮೇಶ್ ಫಲಕ ಬಾರದ ಹಾಗೆ ಚಿತ್ರ ತೆಗೆಯಲು ನೋಡಿದ. ಬಾವಿಯ ಎಡಕ್ಕೆ ಹೋದ, ಬಲಕ್ಕೆ ಹೋದ, ಮಂಡಿಯೂರಿ ಕೂತ. ಎಲ್ಲಿ ನಿಂತರೂ ನೀಲಿಯ ಒಂದು ಮೂಲೆ ಬಂದೇ ಬರುತ್ತಿತ್ತು. “ಬೋರ್ಡ್ ಬರಲಿ ಬಿಡ್ರಿ ಸರ, ಹೆಸರು ಕಾಣಬೇಕಲ್ಲ” ಎಂದಳು ಭವಾನಿ. ಒಳಗೆ ಬಗ್ಗಿ ನೋಡಿದರೆ, ಆಳದಲ್ಲಿ, ಕಲ್ಲಿನ ಸಂದಿಯಿಂದ ನೀರು ಸದ್ದಿಲ್ಲದೆ ಜಿನುಗಿ ಇಳಿಯುತ್ತಿತ್ತು. ಅಲ್ಲಿ ಮಾತ್ರ ಯಾವ ಅಕ್ಷರವೂ ಇರಲಿಲ್ಲ.

ಪಕೀರಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಶೇಂಗಾ ಒಡೆಯುತ್ತಿದ್ದಳು. ಎಂಬತ್ತರ ಮೇಲಿನ ವಯಸ್ಸು, ಬೆರಳಿಗಿನ್ನೂ ಬಲವಿತ್ತು. “ಇವರೇನು ನಿನ್ನ ಬುಕ್ಕಿನ ಸರ? ಕುಂದ್ರಪ್ಪ” ಎಂದಳು. ಕೇಳದೆಯೇ ಶುರುಮಾಡಿದಳು.

“ನಾನಾಗ ಇಷ್ಟುದ್ದ ಇದ್ದೆ. ಹಳ್ಳದ ದಂಡಿಗೆ ನಮ್ಮ ಕರಿ ಮೇಕಿ ದಿನಾ ಒಂದೇ ಕಡಿ ನಿಂತು ನೆಲ ನೆಕ್ತಿತ್ತು. ಏನಪ್ಪ ಇದು ಅಂತ ಕೈಲೆ ಕೆದರಿದೆ, ಮಣ್ಣು ತಣ್ಣಗ. ಅಪ್ಪಗ ಹೇಳಿದೆ. ಅಪ್ಪ ಊರಾಗ ಹೇಳಿದ. ಪತ್ತಿಕೊಂಡದ ಕಡಿಯಿಂದ ಬಾವಿ ತೋಡೋರು ಬಂದ್ರು, ಬರೀ ತೆಲುಗು. ನಂಗೋ ತೆಲುಗು ಒಂದಕ್ಷರ ಬರ್ತಿದ್ದಿಲ್ಲ. ಎರಡು ತಿಂಗಳು ತೋಡಿದ್ರು. ಒಂದಿನ ಮಧ್ಯಾಹ್ನ ಕೆಳಗಿಂದ ಕೂಗಿದ್ರು ನೋಡು, ಊಟ ವಚ್ಚಿಂದಿ, ಊಟ ವಚ್ಚಿಂದಿ ಅಂತ! ನಂಗ ಹಸಿವಿ. ಊಟ ಬಂತು ಅನ್ಕೊಂಡು ಮನಿಗೆ ಓಡಿ ತಾಟು ತಗೊಂಡು ಬಾವಿ ದಂಡಿಗೆ ಹೋಗಿ ನಿಂತೆ!” ಮುದುಕಿ ಶೇಂಗಾ ಕೈಬಿಟ್ಟು ನಕ್ಕಳು, ಹಲ್ಲಿಲ್ಲದ ಬಾಯಿ ತುಂಬ. “ಊರೆಲ್ಲ ನಕ್ಕಿದ್ದೇ ನಕ್ಕಿದ್ದು. ಮದುವಿ ಆಗೋತನಕ ನನ್ನ ತಾಟಿನ ಪಕೀರಿ ಅಂತಿದ್ರು. ಈಗ ನೋಡಿದ್ರ ಯಾವನೋ ಬೋರ್ಡಿನ ಮ್ಯಾಲೇ ಬರದಾನಂತ, ಊಟ ಹಾಕ್ತಿದ್ರು ಅಂತ. ಅವನೂ ನನ್ನಂಗ ತಾಟು ಹಿಡಕೊಂಡು ಓಡ್ಯಾನ ಪಾಪ, ಹಸದಿದ್ದ ಕಾಣ್ತೈತಿ!”

ಭವಾನಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಅಜ್ಜಿ, ಸುಮ್ಕಿರು, ಸರ ಏನನ್ಕೋತಾರ.” ಸೋಮೇಶ್ ನೆಲಕ್ಕೆ ಬಿದ್ದಿದ್ದ ಶೇಂಗಾ ಸಿಪ್ಪೆಯೊಂದನ್ನು ಕೈಗೆತ್ತಿಕೊಂಡ. ಹಸಿದಿದ್ದೆನೇ? ಇಪ್ಪತ್ತೆರಡರ ವಯಸ್ಸು, ಓದಿದ್ದೆಲ್ಲ ಯಾರಿಗೂ ಬೇಡದೆ, ತಿಂಗಳುಗಟ್ಟಲೆ ಯಾರೂ ನನ್ನ ಬರಹವನ್ನು ಓದದೆ. ಹಸಿದೇ ಇದ್ದೆ. ಅದನ್ನು ಈ ಮುದುಕಿ, ಓದು ಬಾರದವಳು, ಯಾರೆಂದು ತಿಳಿಯದೆಯೇ ಹೇಳಿಬಿಟ್ಟಳು. ಈಗಲೇ ಸರಿಯಾದ ಹೊತ್ತು. ಎಲ್ಲರೂ ನಗುತ್ತಿದ್ದಾರೆ, ನಗುವಿನೊಳಗೆ ಹೇಳಿಬಿಟ್ಟರೆ ಅದೂ ಒಂದು ನಗೆಯಾಗಿ ಹೋಗುತ್ತದೆ. ಅಜ್ಜಿ, ಆ ತಾಟು ಹಿಡಿದು ಓಡಿದವನು ನಾನೇ. ಹೀಗೆ ಹೇಳಲೆಂದು ಬಾಯಿ ತೆರೆದ. ಅಷ್ಟರಲ್ಲಿ, “ಊಟದ ಬಾವಿಗೆ ಬಂದು ಊಟ ಇಲ್ಲದಂಗ ಕಳಸಾಕ ಆಗ್ತೈತೇನು” ಎಂದು ಮುದುಕಿ ಎದ್ದಳು. ಒಳಗಿನಿಂದ ಜೋಳದ ರೊಟ್ಟಿ, ಶೇಂಗಾ ಪುಡಿ, ಬದನೆಕಾಯಿ ಪಲ್ಯ ಬಂತು. ಅವನ ಮುಂದಿಟ್ಟದ್ದು ಅಂಚು ಬಾಗಿದ ಒಂದು ಕಂಚಿನ ತಾಟು. “ಇದೇ ನೋಡು ಆ ತಾಟು” ಎಂದಳು. ಅವನು ಉಂಡ. ಎರಡನೆಯ ರೊಟ್ಟಿಯನ್ನೂ ಬೇಡ ಎನ್ನಲಾಗದೆ ಉಂಡ. ಬಾಯಿ ತುಂಬ ತುತ್ತು ಇರುವಾಗ ಮಾತಾಡುವ ಅಗತ್ಯ ಬರಲಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಎಷ್ಟು ಸುಲಭ ಎನಿಸಿತು. ಒಂದು ಸಾಲು ತಾನೇ, ತೆಗೆದುಬಿಟ್ಟರಾಯಿತು. ಅಲ್ಲೇ ಫೋನು ತೆರೆದು ಕರಿದಿನ್ನಿಯ ಪುಟಕ್ಕೆ ಹೋದ. ಸಾಲನ್ನು ಆರಿಸಿದ, ಅದು ನೀಲಿಯಾಯಿತು, ಫಲಕದ ನೀಲಿ. ಅಳಿಸಿದರೆ ಕಾರಣ ಬರೆಯಬೇಕು. ಏನೆಂದು ಬರೆಯುವುದು? ‘ಸುಳ್ಳು’ ಎಂದರೆ ಯಾರ ಸುಳ್ಳು ಎಂದು ಇತಿಹಾಸ ಹೇಳುತ್ತದೆ. ‘ಉಲ್ಲೇಖ ಸಿಗಲಿಲ್ಲ’ ಎಂದರೆ, ಸರ, ಪತ್ತಿಕೊಂಡದಲ್ಲಿ ನಾನಿನ್ನೂ ಹುಡುಕಿಲ್ಲ ಎನ್ನುತ್ತಾಳೆ. ಬೋರ್ಡು ಇರುತ್ತದೆ. ಅಪ್ಪ ಇರುತ್ತಾನೆ. ಬಸ್ಸು ಗುಂಡಿಯೊಂದಕ್ಕೆ ಇಳಿದು ಎದ್ದಿತು, ಬೆರಳು ಜಾರಿ ಆರಿಸಿದ್ದು ಬಿಟ್ಟುಹೋಯಿತು. ಅದರ ಬದಲು ಅವನು ಅದೇ ಪುಟದಲ್ಲಿ ಎರಡು ಪದಗಳ ನಡುವಿನ ಹೆಚ್ಚಿನ ಜಾಗವೊಂದನ್ನು ಸರಿಪಡಿಸಿ ಉಳಿಸಿದ. ಮಾರನೆಯ ದಿನ ಇನ್ನೊಂದು ಪೂರ್ಣವಿರಾಮ. ಆಮೇಲೆ ಒಂದು ಒತ್ತಕ್ಷರ. ಹೀಗೆ ಪುಟ್ಟಪುಟ್ಟ ತಿದ್ದುಪಡಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂಬತ್ತು ವರ್ಷದ ಹಿಂದಿನದು ಇತಿಹಾಸದ ಪಟ್ಟಿಯಲ್ಲಿ ಕೆಳಗೆ, ಇನ್ನೂ ಕೆಳಗೆ ಹೋಗುತ್ತದೆ ಎಂದು ತನ್ನ ಕೈಗೆ ಗೊತ್ತಿದೆ, ತನಗೆ ಗೊತ್ತಿಲ್ಲ ಎಂಬಂತೆ ಅವನು ನಡೆದುಕೊಂಡ.

ಪತ್ತಿಕೊಂಡದ ಸಂದೇಶ ಬಂದ ಮೂರನೆಯ ದಿನ, ಬೆಳಿಗ್ಗೆ ಹತ್ತರ ಹೊತ್ತಿಗೆ, ಭವಾನಿ ಮಂಡಿಯ ಬಾಗಿಲಲ್ಲಿ ನಿಂತಿದ್ದಳು. ಹತ್ತಿಯ ಗಾಡಿಗಳ ನಡುವೆ ದಾರಿ ಕೇಳಿಕೊಂಡು ಬಂದಿದ್ದಳು. ತಲೆಯ ಮೇಲೆ, ಹುಬ್ಬಿನ ಮೇಲೆ ಅರಳೆಯ ಎಳೆ. ಕೈಯಲ್ಲಿ ಬಟ್ಟೆಯ ಗಂಟು. ಮುಖ ಅರಳಿತ್ತು. ಸೋಮೇಶ್ ಎದ್ದು ನಿಂತ, ಎದ್ದು ನಿಂತದ್ದು ಯಾಕೆಂದು ತಿಳಿಯದೆ.

“ಸರ, ನಾನೆಂಥಾ ದಡ್ಡಿ ರೀ!” ಎಂದಳು. “ಆ ‘ಇತಿಹಾಸ’ ಅಂತ ಐತಲ್ಲ, ನೀವು ಮುಂದ ನೋಡೋಣ ಅಂದಿದ್ರಲ್ಲ. ನಿನ್ನಿ ತಡಿಯಲಾರದ ಒತ್ತಿಬಿಟ್ಟೆ.”

ಕೊನೆಗೂ ಬಂತು, ಎಂದುಕೊಂಡ ಸೋಮೇಶ್. ಆ ಕ್ಷಣದಲ್ಲಿ ಭಯದ ಅಡಿಯಲ್ಲಿ ತಣ್ಣಗಿನ ಒಂದು ನೆಮ್ಮದಿಯೂ ಇತ್ತು: ಹೇಳಬೇಕಾದ್ದನ್ನು ತಾನು ಹೇಳಬೇಕಾಗಿಲ್ಲ.

“ಕೆಳಗ ಹೋಗಿ ಹೋಗಿ ನೋಡಿದ್ರ, ಆ ಸಾಲು ಹಾಕಿದೋರು ನೀವೇ ರೀ ಸರ!”

“ಹೌದು” ಎಂದ.

“ಮೊದಲೇ ಹೇಳಬಾರದೇನ್ರಿ? ನೀವು ಹಾಕೀರಂದ್ರ ಆ ಪುಸ್ತಕ ನೀವು ಕೈಯಾಗ ಹಿಡದು ನೋಡೀರಿ ಅಂತಾನೇ ಅರ್ಥ. ನೀವೇ ಹೇಳೀರಲ್ಲ, ನೋಡದ ಪುಸ್ತಕ ಹಾಕಬಾರದು ಅಂತ. ನಾನು ಸುಮ್ ಸುಮ್ಕ ಊರೂರು ಅಲದಾಡಿದೆ.” ನಕ್ಕಳು. “ನನ್ನ ಪರೀಕ್ಷಾ ಮಾಡಾಕ ಸುಮ್ನಿದ್ರಿ ಅಲ್ಲ? ಹುಡುಕ್ತಾಳೋ ಇಲ್ಲೋ ನೋಡಾಣ ಅಂತ. ತಿಳೀತ್ರಿ ಸರ ನಂಗ.”

ಒಳಗಿನಿಂದ ಏಕಾಂತಪ್ಪ, “ಯಾರವ್ವ, ಕರಿದಿನ್ನಿಯಾಕಿಯೇನು? ಬಾ, ಕುಂದ್ರು. ನಮ್ಮ ಮುತ್ತಾತನ ಬಾವಿ ಊರಾಕಿ” ಎಂದು ಕರೆದ.

“ಇರಲಿ ಬಿಡ್ರಿ ಅಪ್ಪೋರ, ನಿಂತೇ ಹೋಗ್ತೀನಿ” ಎಂದು ಅವಳು ಕೈಮುಗಿದಳು. ಮತ್ತೆ ಸೋಮೇಶನ ಕಡೆ ತಿರುಗಿ ದನಿ ತಗ್ಗಿಸಿದಳು. “ನನ್ನ ಪ್ರಯೋಗಪುಟದಾಗ ಅಜ್ಜಿ ಸಾಲು ಇಟ್ಟಿದ್ನಲ್ಲ, ಪುಸ್ತಕ ಸಿಕ್ಕರ ಹಾಕಬೇಕು ಅಂತ. ಅದನ್ನ ತೆಗದುಬಿಟ್ಟೆ ಸರ. ಅಜ್ಜಿಗೂ ಹೇಳಿದೆ, ಇಲ್ಲ ಅಜ್ಜಿ, ಸರ ಸ್ವತಾ ಓದ್ಯಾರ, ಮೂವತ್ನಾಕನೇ ಪುಟದಾಗ ಐತಿ, ಊಟಾನೇ ಹಾಕ್ತಿದ್ರಂತ.”

“ಅಜ್ಜಿ ಏನಂದ್ರು?”

“ಮೊದಲು ಬೈದ್ಳು. ಆಮ್ಯಾಲೆ ಎದ್ದು ಹೋಗಿ ಆ ತಾಟು ತಗದು ನೋಡಿದ್ಳು. ಕಡೀಗೆ ಅಂತಾಳ, ಓದಿದೋರು ನೋಡ್ಯಾರಂದ್ರ ಇರಬೇಕು ಬಿಡು. ನಾನು ತಾಟು ಹಿಡಕೊಂಡು ಓಡಿದ್ದಂತೂ ಖರೇ. ಅಲ್ಲಿ ಊಟ ಇಲ್ಲದಿದ್ರ ಯಾಕ ಓಡ್ತಿದ್ದೆ? ಯಾರು ಹಾಕಿದ್ರೋ ಪುಣ್ಯಾತ್ಮರು, ಉಂಡಿದ್ದೇ ಮರತೀನಿ ಅಂತ.”

ಗಂಟು ಬಿಚ್ಚಿದಳು. ಅಂಚು ಬಾಗಿದ ಕಂಚಿನ ತಾಟು, ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದ್ದು. “ಆಕೀನೇ ಕೊಟ್ಟು ಕಳಿಸ್ಯಾಳ. ಇದರ ಫೋಟೊ ಹಾಕ್ರಿ ಅಂತ. ಆ ಊಟಕ್ಕ ಇದೊಂದು ಸಾಕ್ಷಿ ಉಳದೈತಿ ಅಂದ್ಳು.”

ತಾಟನ್ನು ಹತ್ತಿಯ ಮೂಟೆಯೊಂದರ ಮೇಲೆ ಇಟ್ಟರು. ಬಿಸಿಲು ಬಿದ್ದು ಅದು ಹೊಳೆಯಿತು. ಅದರೊಳಗೆ ಸೋಮೇಶನ ಮುಖ ಹಿಗ್ಗಿ, ಬಾಗಿದ ಅಂಚಿನ ಹತ್ತಿರ ಮುರಿದು ಕಂಡಿತು. ಅವನು ಪಕ್ಕಕ್ಕೆ ಸರಿದ. ಚಿತ್ರ ತೆಗೆದದ್ದು ಅವಳೇ. ಸೇರಿಸುವ ಮೊದಲು ಫೋನನ್ನು ಅವನ ಕೈಗೆ ಕೊಟ್ಟು, “ಅಡಿಬರಹ ಸರಿ ಐತೇನ್ರಿ, ಒಂಚೂರು ನೋಡಿಕೊಡ್ರಿ” ಎಂದಳು. ‘ಊಟದ ಬಾವಿಯಲ್ಲಿ ಊಟ ಹಾಕುತ್ತಿದ್ದಾಗ ಬಳಸುತ್ತಿದ್ದ ತಾಟು. ಕೊಟ್ಟವರು ಪಕೀರಮ್ಮ, ಕರಿದಿನ್ನಿ.’ ವಾಕ್ಯ ಚೆನ್ನಾಗಿತ್ತು. ಎರಡು ತಿಂಗಳ ಹಿಂದೆ ಅವಳಿಗೆ ಹೀಗೆ ಬರೆಯಲು ಬರುತ್ತಿರಲಿಲ್ಲ. ‘ತಾಟು’ ಎಂಬಲ್ಲಿ ಒಂದು ಅಕ್ಷರದ ತಲೆಕಟ್ಟು ಮಾತ್ರ ತೆಲುಗಿನದಾಗಿತ್ತು. ಅವನ ಕಣ್ಣು ಅದನ್ನು ಕೂಡಲೇ ಹಿಡಿಯಿತು. ಅದನ್ನು ಅಳಿಸಿ, ಕನ್ನಡದ ಅಕ್ಷರ ಹಾಕಿದ.

“ಮತ್ತ ಬಂದಿತ್ತಾ?” ಎಂದು ನಾಚಿ ನಕ್ಕಳು. “ಈಗ ಎಲ್ಲಾ ಸರಿ ಆತಲ್ರಿ?”

“ಸರಿ ಐತಿ” ಎಂದು ಫೋನು ಹಿಂದಕ್ಕೆ ಕೊಟ್ಟ. ಅವಳು ಒತ್ತಿ ಉಳಿಸಿದಳು. ತಾಟನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು, ಹನ್ನೊಂದರ ಬಸ್ಸಿಗೆ ಹೊತ್ತಾಯಿತೆಂದು ಗಾಡಿಗಳ ನಡುವೆ ಹೊರಟಳು. ಅರಳೆಯ ಎಳೆಗಳು ಅವಳ ಹಿಂದೆ ಸ್ವಲ್ಪ ದೂರ ತೇಲಿದವು.

ಆ ಸಂಚಿಕೆ ಎಂದೂ ಅಚ್ಚಾಗಿರಲಿಲ್ಲ, ಆ ಸಾಲನ್ನು ತಾನೇ ಕಟ್ಟಿ ಬರೆದದ್ದು ಎಂದು ಸೋಮೇಶ್ ಅವಳಿಗೆ ಹೇಳಲಿಲ್ಲ. ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.